ಬೆಟ್ಟ ಹತ್ತಿ ಬಂದ ಗಂಡ

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ದಿನವೇ ನನ್ನ ಗಂಡ ಚಾವಡಿಯಲ್ಲಿ ಚಾಪೆ ಹಾಸಿದರು. "ಡಾಕ್ಟ್ರ್ ಅದೆಲ್ಲ ಬ್ಯಾಡ ಅಂದ್ರ್," ಎಂದರು. ಡಾಕ್ಟರು ಮಾತಾಡುವಾಗ ನಾನು ಮಾತ್ರೆ ತರಲು ಕೆಳಗೆ ಹೋಗಿದ್ದೆ. ಗಂಡನ ಮಾತು ನಂಬಿದೆ.

ವರ್ಷ ಕಳೆಯಿತು. ಬಸ್ರೂರಿನ ನಮ್ಮ ಅಂಗಡಿಯಲ್ಲಿ ಅಕ್ಕಿ ಮೂಟೆ ಎತ್ತುವಷ್ಟು ಗಟ್ಟಿಯಾದರು, ಚಾಪೆ ಮಾತ್ರ ಚಾವಡಿಯಲ್ಲೇ ಉಳಿಯಿತು. ನನಗೆ ಅನುಮಾನ ಶುರುವಾಯಿತು. ಫೋನ್ ಬಂದರೆ ಅಂಗಳಕ್ಕೆ ಯಾಕೆ ಹೋಗುತ್ತಾರೆ? ಒಳಗೆ ಸಿಗ್ನಲ್ ಇಲ್ಲವೆಂದು ಗೊತ್ತಿದ್ದೂ ಹೀಗೆ ಯೋಚಿಸಿದೆ. ಸ್ಟೆಂಟ್ ಹಾಕಿದ ಬ್ರಹ್ಮಾವರದ ಡಾಕ್ಟರಲ್ಲಿಗೆ ತಪಾಸಣೆಗೆ ಹೋಗುವಾಗ ನನ್ನನ್ನು ಯಾಕೆ ಕರೆದೊಯ್ಯುವುದಿಲ್ಲ? ಅಂಗಿಯ ಕಾಲರನ್ನೂ ಮೂಸಿ ನೋಡಿದೆ. ಬೆವರು, ಬೆಲ್ಲದ ವಾಸನೆ, ಅಷ್ಟೇ.

ಅಷ್ಟರಲ್ಲಿ, ದೇವಸ್ಥಾನದ ಕಡೆ ತಲೆ ಹಾಕದ ಮನುಷ್ಯ ಅಯ್ಯಪ್ಪ ಮಾಲೆ ಹಾಕಿದರು. ವ್ರತ ಎಂದ ಮೇಲೆ ಹೆಂಡತಿ ದೂರ, ಯಾರೂ ಕೇಳುವಂತಿಲ್ಲ. ಊರೆಲ್ಲ 'ಸ್ವಾಮಿ' ಎಂದು ಕರೆಯಿತು. ನಾನೂ ಕರೆದೆ, ಹಲ್ಲು ಕಚ್ಚಿಕೊಂಡು. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಮೇಲೂ ಚಾಪೆ ಒಳಗೆ ಬರಲಿಲ್ಲ.

ಜೊತೆಗೆ ಹೋಗಿದ್ದ ಗುರುಸ್ವಾಮಿಯವರು ಅಂಗಡಿಗೆ ಬಂದಾಗ ಕೇಳಿದೆ. "ಇವ್ರ್ ಬೆಟ್ಟ ಹತ್ತುಕೆ ಡೋಲಿ ಮಾಡ್ಕಂಡ್ರಾ?"

"ಡೋಲಿ ಎಂತಕೆ? ನಮ್ಗಿಂತ ಮುಂದೆ ಇದ್ದಿದ್ರ್!"

ಮೈಯೆಲ್ಲ ಉರಿಯಿತು. ಬೆಟ್ಟಕ್ಕೆ ತಡೆಯುವ ಹೃದಯ ನನಗೆ ತಡೆಯುವುದಿಲ್ಲವೇ? ಮುಂದಿನ ಸಲ ಅವರು ಬ್ರಹ್ಮಾವರಕ್ಕೆ ಹೊರಟಾಗ ಹಿಂದೆಯೇ ಬಸ್ ಹತ್ತಿದೆ. ಡಾಕ್ಟರ ಎದುರು ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. ಡಾಕ್ಟರು ಇವರ ಮುಖ ನೋಡಿದರು. "ಎರಡು ಮಾಳಿಗೆ ಮೆಟ್ಟಿಲು ಎದೆನೋವಿಲ್ಲದೆ ಹತ್ತಿದರೆ ಅಡ್ಡಿಯಿಲ್ಲ ಅಂತ ಅವತ್ತೇ ಹೇಳಿದ್ದೆನಲ್ಲ?"

ಬಸ್‌ಸ್ಟ್ಯಾಂಡಿಗೆ ಬಂದದ್ದೇ, "ಯಾರವ್ಳ್?" ಎಂದೆ.

ಅವರು ತಲೆ ಎತ್ತಲಿಲ್ಲ. "ಯಾರೂ ಇಲ್ಲ ಮಾರಾಯ್ತಿ. ಕೋಟೇಶ್ವರದ ನನ್ನ ದೋಸ್ತಿ ಹಾಂಗೇ ಹೋದ, ಹೆಂಡ್ತಿ ಒಟ್ಟಿಗೆ ಮಲ್ಕಂಡಿಪ್ಪೊತ್ತಿಗೆ. ಅವ್ಳನ್ನ ಕಂಡ್ರೆ ಜನ ಈಗ್ಳೂ ಮುಸಿಮುಸಿ ನಗಾಡ್ತ್ರ್. ನಂಗೆ ಸಾಯುಕೆ ಹೆದ್ರಿಕಿ ಇಲ್ಲ. ನಿನ್ನ ಕಂಡ್ ಯಾರೂ ನಗಾಡೂದ್ ಬ್ಯಾಡ."

ನನಗೆ ಅಳು ಬಂತು, ಸಿಟ್ಟೂ ಬಂತು. ಅಷ್ಟು ಜನರ ನಡುವೆ ಅವರ ಕೈ ಹಿಡಿದೆ. ಎದುರಿಗಿದ್ದ ಇಬ್ಬರು ನೋಡಿ ಕಿಸಕ್ಕನೆ ನಕ್ಕರು.

"ಕಾಣಿ, ನಗಾಡ್ತ್ರ್," ಎಂದೆ. "ನಂಗೆ ಎಂತ ಆಯ್ತ್?"