ಸೂಝೆನ್ ಚಿಕ್ಕಮ್ಮ

ಚೀನಾದ ವೂಶಿ ನಗರದ ರೇಷ್ಮೆ ಕಾರ್ಖಾನೆಯಲ್ಲಿ ಬಿಸಿನೀರಿನೊಳಗಿನ ಗೂಡುಗಳಿಂದ ಎಳೆ ಹುಡುಕಿ ತೆಗೆದೂ ತೆಗೆದೂ ಸೂಝೆನ್‌ಳ ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಮನೆಗೊಂದೇ ಮಗು ಎಂಬ ಕಾನೂನಿನ ಕಾಲ ಅದು. ಮೊದಲ ಮಗಳು ಮಿನ್ ಆಗಲೇ ಶಾಲೆಗೆ ಹೋಗುತ್ತಿದ್ದಳು. ಎರಡನೆಯದು ಹೊಟ್ಟೆಯಲ್ಲಿ ನಿಂತಾಗ ಗಂಡ ಹೆಂಡತಿ ಊಟ ಬಿಟ್ಟು ಕೂತರು. ಗೊತ್ತಾದರೆ ಇಬ್ಬರ ಕೆಲಸವೂ ಹೋಗುತ್ತಿತ್ತು, ಜೊತೆಗೆ ಕಾರ್ಖಾನೆ ಕೊಟ್ಟ ಮನೆಯೂ. ತೆಗೆಸಿಬಿಡೋಣ ಎಂಬ ಮಾತು ಗಂಡನ ನಾಲಿಗೆಯ ತುದಿಯಲ್ಲಿತ್ತು. ಅವಳು ಆಡಲು ಬಿಡಲಿಲ್ಲ. ಚಳಿಗಾಲದ ದಪ್ಪ ಕೋಟು ಹೊಟ್ಟೆ ಮುಚ್ಚುವಷ್ಟು ದಿನ ದುಡಿದು, ಆಮೇಲೆ ಬೆನ್ನುನೋವೆಂದು ರಜೆ ಹಾಕಿ ಯೀಶಿಂಗ್ ಊರಿನ ಅಕ್ಕನ ಮನೆ ಸೇರಿದಳು.

ಅಕ್ಕ ಹುಯ್‌ಲಾನ್‌ಗೆ ಮಕ್ಕಳಿರಲಿಲ್ಲ. ಮಣ್ಣಿನ ಟೀ ಗಿಂಡಿ ತಿದ್ದುವ ನಯವಾದ ಕೈ, ಮಾತು ಮಾತ್ರ ಒರಟು. ಹುಟ್ಟಿದ ಹೆಣ್ಣುಮಗುವಿಗೆ ಯಾಟಿಂಗ್ ಎಂದು ಹೆಸರಿಟ್ಟು, ತನ್ನದೆಂದೇ ಸರ್ಕಾರದಲ್ಲಿ ಬರೆಸಿದಳು.

"ನೋಡು, ನಾಳೆ ಬಂದು ನಂದು ಅಂದ್ರೆ ಆಗಲ್ಲ. ಇದು ನನ್ನನ್ನ ಅಮ್ಮ ಅನ್ನುತ್ತೆ, ನಿನ್ನನ್ನ ಚಿಕ್ಕಮ್ಮ ಅನ್ನುತ್ತೆ. ತಡ್ಕೋತೀಯಾ?"

ಸೂಝೆನ್ ತಲೆಯಾಡಿಸಿದಳು. ಬೇರೆ ಯಾರಾದರೂ ಆಗಿದ್ದರೆ ಎರಡೇ ವರ್ಷಕ್ಕೆ ಮಾತು ಮುರಿಯುತ್ತಿದ್ದರು. ಇವಳು ಮುರಿಯಲಿಲ್ಲ.

ಪ್ರತಿ ಹೊಸವರ್ಷಕ್ಕೂ ಮಗುವಿಗೊಂದು ಸ್ವೆಟರ್ ಹೆಣೆದು ವೂಶಿಯಿಂದ ಒಯ್ಯುವಳು. ಕಣ್ಣಂದಾಜಿನ ಅಳತೆ, ತೋಳು ಯಾವಾಗಲೂ ಗಿಡ್ಡ. "ಚಿಕ್ಕಮ್ಮ, ಮಕ್ಕಳು ಬೆಳೀತಾರೆ ಅಂತ ನಿಮಗೆ ಯಾರೂ ಹೇಳಿಲ್ವಾ?" ಎಂದು ಯಾಟಿಂಗ್ ರೇಗಿಸುವಳು. ನಕ್ಕು ಬಸ್ಸು ಹತ್ತುವ ಸೂಝೆನ್ ದಾರಿಯುದ್ದಕ್ಕೂ ಅಳುವಳು. ಹುಡುಗಿ ಕಾಲೇಜು ಸೇರಿದಾಗ ಹುಯ್‌ಲಾನ್‌ಳೇ ಎಲ್ಲ ತಿಳಿಸಿದಳು. ಕಾನೂನೂ ಸಡಿಲವಾಗಿ, ಸರ್ಕಾರವೇ ಇನ್ನೊಂದು ಹೆರಿ ಮತ್ತೊಂದು ಹೆರಿ ಎಂದು ಗೋಗರೆಯುವ ಕಾಲ ಬಂತು. ಆದರೂ ಯಾಟಿಂಗ್‌ಳ ಬಾಯಿಗೆ ಬರುತ್ತಿದ್ದುದು ಚಿಕ್ಕಮ್ಮ ಎಂದೇ. ಒಂದೇ ಒಂದು ಸಲ ಅವಳಿಂದ ಅಮ್ಮ ಅನ್ನಿಸಿಕೊಳ್ಳಬೇಕೆಂಬ ಆಸೆಯನ್ನು ಸೂಝೆನ್ ಗಂಡನೆದುರೂ ಆಡಲಿಲ್ಲ.

ಯಾಟಿಂಗ್‌ಳ ಮದುವೆಯ ಬೆಳಿಗ್ಗೆ ಹುಯ್‌ಲಾನ್ ಮತ್ತು ಅವಳ ಗಂಡ ಕುರ್ಚಿಯಲ್ಲಿ ಕೂತರು. ಅಲ್ಲಿನ ಪದ್ಧತಿಯಂತೆ ವರ ಮಂಡಿಯೂರಿ ಟೀ ಕೊಟ್ಟು, ಅಂದಿನಿಂದ ಅತ್ತೆ ಮಾವನನ್ನು ಅಪ್ಪ ಅಮ್ಮ ಎಂದು ಕರೆಯಬೇಕು. ಕರೆದರೆ ಕೆಂಪು ಲಕೋಟೆಯಲ್ಲಿ ದುಡ್ಡು.

"ಅಮ್ಮ," ಎಂದ ವರ, ನಾಚಿಕೊಂಡು.

"ಜೋರಾಗಿ ಹೇಳಪ್ಪ, ಲಕೋಟೆ ಏನು ಖಾಲಿ ಇಲ್ಲ," ಎಂದಳು ಹುಯ್‌ಲಾನ್. ಎಲ್ಲರೂ ನಕ್ಕರು.

ಸೂಝೆನ್ ಸಿಹಿ ಉಂಡೆಗಳ ತಟ್ಟೆ ಹಿಡಿದು ಗೋಡೆಯ ಪಕ್ಕ ನಿಂತಿದ್ದಳು. ಯಾಟಿಂಗ್ ಇನ್ನೊಂದು ಬಟ್ಟಲು ತುಂಬಿಸಿ ಅತ್ತ ಬಂದು ಮಂಡಿಯೂರಿದಳು.

"ಅಮ್ಮ, ಟೀ ತಗೋ."

ಸೂಝೆನ್ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಆ ದನಿಯಲ್ಲಿ ಅಮ್ಮ ಎಂದರೆ ಅಕ್ಕನೇ. ಬೇರೆ ಯಾರೂ ಆಗಿರಲೇ ಇಲ್ಲ. "ಅಕ್ಕಾ, ನಿನ್ನ ಕರೀತಿದಾಳೆ ನೋಡು," ಎಂದಳು.

ಹುಯ್‌ಲಾನ್ ಕುರ್ಚಿಯಿಂದ ಏಳಲಿಲ್ಲ. ಕಣ್ಣು ಮಾತ್ರ ಒರೆಸಿಕೊಂಡಳು. "ನನ್ನಲ್ಲ ಕಣೇ ಪೆದ್ದಿ, ನಿನ್ನ. ಕೇಳಿದ್ಲು, ಕರೀಲಾ ಅಂತ. ನಾನು ಹೂಂ ಅಂದೆ."

"ಇವತ್ತು ಕರೆಯೋದು ಬದಲಾಗೋ ದಿನ. ಅವನೊಬ್ಬನೇ ಯಾಕೆ ಬದಲಾಯಿಸ್ಬೇಕು?" ಎಂದಳು ಯಾಟಿಂಗ್. ಬಟ್ಟಲನ್ನು ಇನ್ನಷ್ಟು ಮುಂದೆ ಚಾಚಿದಳು. "ಅಮ್ಮ."

ತಟ್ಟೆಯನ್ನು ಎಲ್ಲಿಡಬೇಕೆಂದು ಸೂಝೆನ್‌ಗೆ ತಿಳಿಯಲಿಲ್ಲ. ಹಿಡಿದುಕೊಂಡೇ ತಾನೂ ನೆಲಕ್ಕೆ ಕುಸಿದು ಮಗಳೆದುರು ಕೂತಳು.

"ಓ," ಎಂದು ಓಗೊಟ್ಟಳು.