ಬೋಲ್ಟಕ್ಕನ ಅರ್ಧ ಗಂಟೆ

ಬೆಳಗಿನ ಆರೂಕಾಲು. ಶಾಲಾ ವ್ಯಾನಿನ ಅಡಿಯಲ್ಲಿ ರಟ್ಟು ಹಾಸಿಕೊಂಡು ಮಲಗಿರುವ ಹೆಂಗಸಿನ ಕಾಲುಗಳಷ್ಟೇ ಕಾಣುತ್ತಿವೆ. ಐದು ನಿಮಿಷ ಎಂಜಿನ್ ಓಡಿಸಿ, ಆಯಿಲ್ ಬಿಸಿಯಾದ ಮೇಲೆ ತಳದ ಬೋಲ್ಟ್ ಬಿಚ್ಚಿದ್ದಾರೆ. ಕಪ್ಪು ಧಾರೆ ಟ್ರೇಗೆ ಬೀಳುತ್ತಿದೆ. ಇನ್ನು ಮಾಡಬೇಕಾದ್ದು ಒಂದೇ, ಕಾಯುವುದು. ಅದೇ ಇವತ್ತು ಇವರ ಅನ್ನಕ್ಕೆ ಕಲ್ಲು ಹಾಕಲು ಹೊರಟಿದೆ.

ಎಲ್ಲರ ಬಾಯಲ್ಲೂ ಬೋಲ್ಟಕ್ಕ ಆಗಿರುವ ಇವರಿಗೆ ನಲವತ್ತಾರು. ದೊಡ್ಡಪ್ಪನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವರು. ಅದು ಮುಚ್ಚಿದ ಮೇಲೆ, ಮನೆ ಬಾಗಿಲಿಗೇ ಬಂದು ಆಯಿಲ್ ಬದಲಿಸುವ ಕಂಪನಿಯೊಂದನ್ನು ಸೇರಿ ಹನ್ನೊಂದು ವರ್ಷ. ದಿನಕ್ಕೆ ಏಳು ಗಾಡಿ. ಕೈ ಮೇಲಿನ ಸುಟ್ಟ ಕಲೆಗಳನ್ನು ನೋಡಲು ಹೋದರೆ ತೋಳು ಎಳೆದುಕೊಳ್ಳುತ್ತಾರೆ. "ಅಯ್ಯೋ ಬಿಡಿ, ಅದನ್ನೆಲ್ಲ ಬರೀಬೇಡಿ."

ಬರೆಯದೆ ಇರುವುದು ಹೇಗೆ? ತಣ್ಣನೆಯ ಕೋಣೆಯಲ್ಲಿ ಕೂತ ಮಹಾನುಭಾವರು ಮೊನ್ನೆಯಿಂದ ಗಾಡಿಗೆ ಇಪ್ಪತ್ತೇ ನಿಮಿಷ ಎಂದು ಗೆರೆ ಎಳೆದಿದ್ದಾರೆ. ಆಯಿಲ್ ಪೂರ್ತಿ ಸೋರಲಿಕ್ಕೇ ಬೋಲ್ಟಕ್ಕನಿಗೆ ಅರ್ಧ ಗಂಟೆ ಬೇಕು. ತಡವಾದರೆ ಫೋನಿನಲ್ಲಿ ಆ ದಿನಕ್ಕೊಂದು ಕೆಂಪು ಗುರುತು. ತಿಂಗಳಲ್ಲಿ ಮೂರು ಬಿದ್ದರೆ ಕೆಲಸ ಹೋದಂತೆಯೇ. ಈಗಾಗಲೇ ಎರಡು ಬಿದ್ದಿವೆ, ಜೊತೆಗೆ 'ಸುಮ್ಮನೆ ಕೂತಿದ್ದರು' ಎಂಬ ಗಿರಾಕಿಗಳ ದೂರು. ಸುಮ್ಮನೆ ಕೂತಿದ್ದರಂತೆ! ಕೇಳಿದರೆ ಮೈ ಉರಿಯುತ್ತದೆ.

"ಧಾರೆ ಐದು ನಿಮಿಷಕ್ಕೇ ನಿಲ್ಲತ್ತೆ. ಎಲ್ರೂ ಆಗ್ಲೇ ಬೋಲ್ಟ್ ಹಾಕ್ಬಿಡ್ತಾರೆ," ಎನ್ನುತ್ತಾರೆ ಅವರು. "ಆಮೇಲೆ ಹನಿಹನಿಯಾಗಿ ಬರೋದಿದೆಯಲ್ಲ, ತಳದ ಕೊಳೆ ಇರೋದು ಅದ್ರಲ್ಲೇ. ಅದನ್ನ ಒಳಗೇ ಬಿಟ್ಟು ಹೊಸ ಆಯಿಲ್ ಸುರಿದ್ರೆ, ಮುಸುರೆ ಪಾತ್ರೆಗೆ ಹಾಲು ಹಾಕ್ದಂಗೆ."

ವ್ಯಾನಿನ ಚಾಲಕ ಬಗ್ಗಿ ನೋಡುತ್ತಾನೆ. "ಏನಕ್ಕಾ, ಅಲ್ಲೇ ನಿದ್ದೆ ಹೊಡೀತಿದೀರಾ? ಏಳಕ್ಕೆ ಮಕ್ಕಳನ್ನ ಹತ್ತಿಸ್ಕೋಬೇಕು. ಸಾಕು, ಬೋಲ್ಟ್ ಹಾಕಿ!"

"ಇನ್ನೂ ಬರ್ತಿದೆ ಕಣಪ್ಪ."

ಇಪ್ಪತ್ತು ನಿಮಿಷ ಮುಗಿದದ್ದೇ ಫೋನ್ ಬಡಿದುಕೊಳ್ಳುತ್ತದೆ. ಮೂರನೆಯ ಕೆಂಪು. ಬೋಲ್ಟಕ್ಕ ಅದನ್ನು ನೋಡಿ, ಫೋನ್ ಕವುಚಿಟ್ಟು, ಕಾಯುತ್ತಾರೆ. ಹನಿ ನಿಲ್ಲುವ ಹೊತ್ತಿಗೆ ಟ್ರೇ ಮೇಲೆ ಟಾರ್ಚ್ ಹಿಡಿದರೆ, ಕಪ್ಪಿನ ನಡುವೆ ಲೋಹದ ಪುಡಿ ಮಿನುಗುತ್ತದೆ. ಬೆರಳಿಗೆ ಹಚ್ಚಿಕೊಂಡು ಹೊರಬಂದು ಚಾಲಕನ ಮೂಗಿನೆದುರು ಹಿಡಿಯುತ್ತಾರೆ.

"ನೋಡು, ಒಳಗೆ ಬೇರಿಂಗ್ ಸವೀತಿದೆ. ಇವತ್ತು ಮಕ್ಕಳನ್ನ ಹತ್ತಿಸ್ಬೇಡ. ನಡುರಸ್ತೇಲಿ ಎಂಜಿನ್ ಸೀಜ್ ಆಗಿ ಕಚ್ಕೊಂಡು ನಿಂತ್ರೆ ಏನ್ಮಾಡ್ತೀಯ?"

ಚಾಲಕನ ಮುಖ ಬಿಳಿಚಿಕೊಳ್ಳುತ್ತದೆ. ಬೇರೆ ವ್ಯಾನ್ ಕಳಿಸಿ ಎಂದು ಶಾಲೆಗೆ ಫೋನ್ ಹಚ್ಚುತ್ತಾನೆ. ಅಷ್ಟರಲ್ಲಿ ಕಂಪನಿಯ ಸಂದೇಶವೂ ಬರುತ್ತದೆ, ನಾಳೆಯಿಂದ ಬರುವುದು ಬೇಡವೆಂದು. ಒಂದು ವ್ಯಾನ್ ತುಂಬ ಮಕ್ಕಳನ್ನು ಕಾಪಾಡಿದವರಿಗೆ ಸಿಕ್ಕ ಮರ್ಯಾದೆ ಇದು! ನಾಚಿಕೆಯಾಗಬೇಕು ಆ ಕಂಪನಿಗೆ.

ಕಂಪನಿಯವರಿಗೆ ನೀವೇನು ಹೇಳುತ್ತೀರಿ ಎಂದು ಕೇಳುತ್ತೇನೆ. ಬೋಲ್ಟಕ್ಕ ಕೈ ಒರೆಸಿಕೊಳ್ಳುತ್ತಾರೆ.

"ಅವರ ಫಾರಂನಲ್ಲಿ ಬೋಲ್ಟ್ ಬಿಚ್ಚೋದು, ಫಿಲ್ಟರ್ ಹಾಕೋದು, ಆಯಿಲ್ ತುಂಬೋದು, ಎಲ್ಲಕ್ಕೂ ಇಷ್ಟಿಷ್ಟು ನಿಮಿಷ ಅಂತ ಒಂದೊಂದು ಸಾಲಿದೆ. ಸೋರೋಕೆ ಬಿಡೋದಕ್ಕೆ ಮಾತ್ರ ಇಲ್ಲ. ಅದಕ್ಕೂ ಒಂದು ಸಾಲು ಹಾಕ್ಲಿ ಅಂತ ಬರೀರಿ. ನನಗಲ್ಲ, ನಾಳೆ ನನ್ನ ಜಾಗಕ್ಕೆ ಬರೋರಿಗೆ."