ಅಮ್ಮನಿಗೆ ಓದಿ ಹೇಳಿದ ಸೀರಿಯಲ್

ನನ್ನ ತಂಗಿ ಜರ್ಮನಿಗೆ ಹೋದದ್ದು ಒಂದು ಮನೆಯಲ್ಲಿದ್ದುಕೊಂಡು ಅವರ ಮಕ್ಕಳನ್ನು ನೋಡಿಕೊಳ್ಳುವುದಕ್ಕೆ, ಹಾಗೇ ಭಾಷೆ ಕಲಿಯುವುದಕ್ಕೆ. ಒಂದು ವರ್ಷದ ಮಾತು. ಅದೆಂಥ ಕೆಲಸವೆಂದು ಭದ್ರಾವತಿಯ ನಮ್ಮಮ್ಮನಿಗೆ ತಲೆಗೇ ಹತ್ತಲಿಲ್ಲ. ಅಷ್ಟರಲ್ಲಿ ಅಂಥದೇ ಕೆಲಸದ ಹುಡುಗಿಯೊಬ್ಬಳ ಕಥೆಯ ಸೀರಿಯಲ್ಲೊಂದು ಟೀವಿಯಲ್ಲಿ ಸಿಕ್ಕಿತು. ಮಾತೆಲ್ಲ ಜರ್ಮನ್, ಕೆಳಗೆ ಇಂಗ್ಲಿಷ್ ಅಕ್ಷರ. ಪ್ರತಿ ಭಾನುವಾರ ನಾನು ಶಿವಮೊಗ್ಗದಿಂದ ಬಸ್ ಹತ್ತಿ ಬರಬೇಕು, ಅಮ್ಮನ ಪಕ್ಕ ಕೂತು ಓದಿ ಹೇಳಬೇಕು.

ಮೊದಲ ವಾರ ಇದ್ದದ್ದನ್ನೇ ಹೇಳಿದೆ. ಮಗು ಬಿದ್ದದ್ದು ನಿನ್ನಿಂದಲೇ ಎಂದು ಮನೆಯೊಡತಿ ಆ ಹುಡುಗಿಗೆ ಬೈದಳು. ಅಮ್ಮ ಅವತ್ತು ಊಟ ಬಿಟ್ಟಳು. "ನಮ್ಮ ಹುಡ್ಗಿಗೂ ಹಿಂಗೇ ಅಂತಾರೇನೇ?" ಬಿ.ಪಿ. ಇರುವ ಹೆಂಗಸು. ಅಂದಿನಿಂದ ನಾನು ಜಾಣೆಯಾದೆ. ಹುಡುಗಿ ಬಚ್ಚಲಲ್ಲಿ ಕೂತು ಅತ್ತರೆ "ಕಣ್ಣಿಗೆ ಸೋಪು ಹೋಯ್ತಂತೆ" ಅಂದೆ. ಒಡತಿ ಕಿರುಚಿದರೆ "ಗಂಟಲೇ ಹಾಗೆ, ಮನಸ್ಸು ಬೆಣ್ಣೆ" ಅಂದೆ. ಅಮ್ಮ ನಗುತ್ತಿದ್ದಳು. ನನಗೂ ಖುಷಿಯೇ ಆಗುತ್ತಿತ್ತು.

ಐದನೆಯ ತಿಂಗಳು ಒಂದು ಭಾನುವಾರ, ನಾನು ಅಮ್ಮನ ಪಕ್ಕ ಕೂತಿದ್ದಾಗಲೇ ತಂಗಿಯ ಫೋನ್ ಬಂತು. ಅಮ್ಮ ಸ್ಪೀಕರ್ ಹಾಕಿದಳು.

"ಅಮ್ಮಾ, ನಂಗಿಲ್ಲಿ ಆಗ್ತಿಲ್ಲ. ಜ್ವರ ಬಂದ್ರೂ ಎಬ್ಬಿಸ್ತಾರೆ. ವಾಪಸ್ ಬಂದ್ಬಿಡ್ತೀನಿ" ಎಂದು ಅತ್ತಳು.

"ಏ, ಸುಮ್ನಿರೇ ಮಾರಾಯ್ತಿ! ನಂಗೆಲ್ಲಾ ಗೊತ್ತು, ವಾರ ವಾರ ಟೀವೀಲಿ ನೋಡ್ತೀನಲ್ಲ? ಆ ಹುಡ್ಗಿ ಎಷ್ಟು ಚೆಂದ ಹೊಂದ್ಕೊಂಡಿದಾಳೆ! ನಿಂಗೆ ಮೈಗಳ್ಳತನ, ಅಷ್ಟೇ. ಬಂದ್ರೆ ಬಾಗ್ಲು ತೆಗಿಯಲ್ಲ ನೋಡು" ಎಂದು ಅಮ್ಮ ಫೋನನ್ನು ದಿವಾನದ ಮೇಲೆ ಎಸೆದು ಒಳಗೆ ಹೋದಳು.

ಬಾಗಿಲು ತೆಗೆಯದೆ ಇರುವವಳಲ್ಲ ನಮ್ಮಮ್ಮ. ಬಾಯಿ ಜೋರು, ಅಷ್ಟೇ. ಆದರೆ ಅಷ್ಟು ದೂರಕ್ಕೆ ಕೇಳಿಸುವುದು ಬಾಯಿಯೊಂದೇ. ನಾನು ಓದಿದ್ದೆಲ್ಲ ಸುಳ್ಳು ಎಂದು ಅಮ್ಮನಿಗೆ ಹೇಳಲು ಒಂದು ನಿಮಿಷ ಸಾಕಿತ್ತು. ಥೂ, ನನ್ನ ನಾಲಿಗೆ ಆಗಲೇ ಬಿದ್ದುಹೋಗಬೇಕಿತ್ತೇ! ಅಮ್ಮನ ಮುಂದೆ ಸುಳ್ಳಿಯಾಗಲು ಹೆದರಿಕೆ. ನಾಳೆ ಹೇಳಿದರಾಯಿತು ಅಂದುಕೊಂಡೆ, ಹೇಳಲಿಲ್ಲ. ತಂಗಿ ಮತ್ತೆಂದೂ ಫೋನಿನಲ್ಲಿ ಅಳಲಿಲ್ಲ.

ವರ್ಷ ಮುಗಿಸಿ ಬಂದಾಗ ಸೊರಗಿ ಅರ್ಧವಾಗಿದ್ದಳು. ಶಿವಮೊಗ್ಗದ ರಾಗಿಗುಡ್ಡದಲ್ಲಿದ್ದ ನನ್ನ ಬಾಡಿಗೆ ಮನೆಯಲ್ಲಿ ಅವಳೆದುರು ಎಲ್ಲವನ್ನೂ ಒಪ್ಪಿಕೊಂಡೆ. ಅವಲಕ್ಕಿಗೆ ಮೊಸರು ಕಲಸುತ್ತಿದ್ದವಳು ತಲೆ ಎತ್ತಲಿಲ್ಲ.

"ಸುಳ್ಳು ಯಾಕೆ ಓದ್ದೆ ಅಂತ ಅರ್ಥ ಆಗತ್ತೆ ಅಕ್ಕ. ಅದಕ್ಕೆ ಬೇಜಾರಿಲ್ಲ. ಅವತ್ತು ಅಮ್ಮ ಎದ್ದು ಹೋಗಿದ್ದೂ ಕೇಳಿಸ್ತು, ನೀನು ಕೆಮ್ಮಿದ್ದೂ ಕೇಳಿಸ್ತು. ಇನ್ನು ಅಕ್ಕ ಮಾತಾಡ್ತಾಳೆ ಅಂತ ನಾನು ಫೋನ್ ಹಿಡ್ಕೊಂಡೇ ಇದ್ದೆ" ಅಂದಳು. "ನೀನು ಕಟ್ ಮಾಡ್ದೆ."